ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಸಿಗಡಿ



ಚೆರ್ರಿ ಸಿಗಡಿಯು ಚೀನಾ, ತೈವಾನ್ ಕಡೆಯ ಸಿಹಿನೀರಿನ ಜೀವಿ. ಉದ್ದ ಸುಮಾರು 3 ಸೆಂ.ಮೀ. ಸಣ್ಣ ಗಾಜಿನ ತೊಟ್ಟಿಯಲ್ಲಿ ಇದನ್ನು ಸಾಕಬಹುದು. ಆದರೆ ರೈತರ ಮನೆಯಲ್ಲಿ ಇದಕ್ಕೆ ಒಂದು ವಿಶೇಷ ಅಪಾಯವುಂಟು. ಅದೇ ಮೈಲುತುತ್ತ. ಮೀನು ತಾಳಿಕೊಳ್ಳುವಷ್ಟು ತಾಮ್ರವೂ ಸಿಗಡಿಗೆ ವಿಷ. ಅಡಿಕೆಗೆ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟಿನಲ್ಲಿ ನೀರು ತಂದು ಸುರಿದರೆ, ತಿಂಗಳುಗಟ್ಟಲೆ ಸಾಕಿದ ಸಿಗಡಿಗಳೆಲ್ಲ ಸಾಯಬಹುದು. ಆದುದರಿಂದ ತೊಟ್ಟಿಗೆಂದೇ ಬೇರೆ ಪಾತ್ರೆ ಇಡಬೇಕು. ಸಿಂಪರಣೆ ಮಾಡಿದ ಕೈಯನ್ನು ನೀರಿಗೆ ಅದ್ದಬಾರದು. ಗದ್ದೆಕಾಲುವೆಯ ಗಿಡಗಳನ್ನೂ ತರಬಾರದು. ಅವುಗಳಲ್ಲಿ ಕೀಟನಾಶಕ ಉಳಿದಿರಬಹುದು.

ಮರಳು ಹಾಸಿ, ಜಲಸಸ್ಯ ನೆಟ್ಟು, ಸ್ಪಂಜಿನ ಶೋಧಕ ನಡೆಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ 4ರಿಂದ 6 ವಾರ ಕಾಯಬೇಕು. ಅಮೋನಿಯಾವನ್ನು ಮಾರ್ಪಡಿಸುವ ಸೂಕ್ಷ್ಮಾಣುಗಳು ನೆಲೆಗೊಂಡ ಮೇಲೆಯೇ ಸಿಗಡಿ ಬಿಡಬೇಕು.

ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಡಿ. ಕಳಚಿದ ಪೊರೆಯನ್ನು ತೆಗೆಯಬೇಡಿ. ಸಿಗಡಿಗಳು ಅದನ್ನು ತಿಂದು ಸುಣ್ಣದ ಅಂಶ ಪಡೆಯುತ್ತವೆ. ಸಂಖ್ಯೆ ಹೆಚ್ಚಿದರೆ ನೆರೆಹೊರೆಯವರಿಗೆ ಕೊಡಿ. ಪರದೇಶದ ಈ ಜೀವಿಯನ್ನು ನಮ್ಮ ಕೆರೆಗಳಿಗೆ ಮಾತ್ರ ಬಿಡಬೇಡಿ.