ಮೂತ್ರಪಿಂಡ ಕೊಟ್ಟವರ ಮುಂದಿನ ಬದುಕು

(ಕನ್ನೊಳ್ಳಿಯ ಕುಟುಂಬ ಸಭೆಯೊಂದರಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ವೇದಿಕೆಗೆ ಬರುವ ಮುನ್ನ ತಾಯಿಯೊಬ್ಬರು ತಡೆದು ನಿಲ್ಲಿಸಿ, "ಸಾಹೇಬ್ರ, ನನ್ನ ಮಗಳು ತಮ್ಮಗ ಕಿಡ್ನಿ ಕೊಟ್ರ ಮುಂದ ಆಕಿ ಗತಿ ಏನ್ರಿ?" ಎಂದು ಕೇಳಿದರು. ಮಗ ಡಯಾಲಿಸಿಸ್‌ಗಾಗಿ ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿಬರುತ್ತಾನೆ. ಮಗಳಿಗೆ ಇನ್ನೂ ಮದುವೆಯಾಗಿಲ್ಲ. ಇಂತಹ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಏನೂ ಆಗುವುದಿಲ್ಲ, ಒಂದು ಕಿಡ್ನಿ ಸಾಕು ಎಂಬುದು ಒಂದು. ಕೊಟ್ಟವರು ಹೆಚ್ಚು ಕಾಲ ಬಾಳುವುದಿಲ್ಲ ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

1954ರ ಡಿಸೆಂಬರ್ 23ರಂದು ಅಮೇರಿಕದ ಬೋಸ್ಟನ್‌ನಲ್ಲಿ ರೊನಾಲ್ಡ್ ಹೆರಿಕ್ ಎಂಬವರು ತನ್ನ ಅವಳಿ ಸಹೋದರನಿಗೆ ಮೂತ್ರಪಿಂಡ ಕೊಟ್ಟರು. ಅವರು ಆ ಬಳಿಕ 56 ವರ್ಷ ಬದುಕಿ, 2010ರಲ್ಲಿ 79ನೆಯ ವಯಸ್ಸಿನಲ್ಲಿ ನಿಧನರಾದರು. ಉಳಿದ ಒಂದು ಮೂತ್ರಪಿಂಡ ತುಸು ದೊಡ್ಡದಾಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಶೇ. 60ರಿಂದ 70ರಷ್ಟನ್ನು ವಹಿಸಿಕೊಳ್ಳುತ್ತದೆ. ಆರೋಗ್ಯವಂತನಿಗೆ ಅಷ್ಟು ಧಾರಾಳ ಸಾಕು. ಶಸ್ತ್ರಚಿಕಿತ್ಸೆಯ ಅಪಾಯವೂ ಇಳಿದಿದೆ. ಅಮೇರಿಕದಲ್ಲಿ 2013ರಿಂದ 2022ರ ತನಕ ದಾನ ಮಾಡಿದವರ ಪೈಕಿ ಮೂರು ತಿಂಗಳೊಳಗೆ ಮೃತಪಟ್ಟವರು ಹತ್ತು ಸಾವಿರಕ್ಕೆ ಒಬ್ಬರಷ್ಟು.

ಪ್ರಶ್ನೆ ಇರುವುದು ನಂತರದ ದಶಕಗಳದ್ದು. ಮಿನ್ನೆಸೋಟಾದ 3,698 ದಾನಿಗಳನ್ನು ಕುರಿತ 2009ರ ಅಧ್ಯಯನವು, ಅವರ ಆಯುಸ್ಸು ಸಾಮಾನ್ಯ ಜನರಷ್ಟೇ ಇದೆ ಎಂದಿತು. ಎಲ್ಲರಿಗೂ ಸಮಾಧಾನವಾಯಿತು. ಆದರೆ ದಾನಿಗಳು ಸಾಮಾನ್ಯ ಜನರಲ್ಲವಲ್ಲ! ಹತ್ತಾರು ತಪಾಸಣೆ ಮಾಡಿ ಆರಿಸಿದ ಆರೋಗ್ಯವಂತರು. ಅವರನ್ನು ಅಷ್ಟೇ ಆರೋಗ್ಯವಿರುವವರೊಡನೆಯೇ ಹೋಲಿಸಬೇಕು. 2014ರಲ್ಲಿ ಅಮೇರಿಕದ 96,217 ದಾನಿಗಳ ಲೆಕ್ಕ ಹಾಗೆ ನಡೆಯಿತು. ಜೀವಿತಾವಧಿಯಲ್ಲಿ ಮೂತ್ರಪಿಂಡ ಪೂರ್ತಿ ವಿಫಲವಾಗುವ ಸಂಭವ ದಾನಿಗಳಲ್ಲಿ ಹತ್ತು ಸಾವಿರಕ್ಕೆ 90, ದಾನ ಮಾಡದ ಆರೋಗ್ಯವಂತರಲ್ಲಿ 14, ತಪಾಸಣೆಯಿಲ್ಲದ ಸಾಮಾನ್ಯ ಜನರಲ್ಲಿ 326 ಎಂದು ಅಂದಾಜಾಯಿತು. ಅಂದರೆ ಅಪಾಯ ಸಣ್ಣದು, ಆದರೆ ಇದೆ. ಅದನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಹೆಣ್ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೆನಡಾದ 2015ರ ಅಧ್ಯಯನದಲ್ಲಿ, ದಾನದ ನಂತರ ಗರ್ಭಿಣಿಯಾದವರಲ್ಲಿ ರಕ್ತದೊತ್ತಡದ ತೊಂದರೆ ಶೇ. 11, ಇತರರಲ್ಲಿ ಶೇ. 5 ಇತ್ತು. ಹೆಚ್ಚಿನ ಹೆರಿಗೆಗಳು ಸುಸೂತ್ರವಾಗಿಯೇ ಆದವು. ಆದರೂ ಮದುವೆಯಾಗಲಿರುವ ಹುಡುಗಿಗೆ ಇದು ಮೊದಲೇ ತಿಳಿದಿರಬೇಡವೇ? ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಮಹಿಳೆಯರೇ ಹೆಚ್ಚು, ಪಡೆಯುವವರಲ್ಲಿ ಪುರುಷರೇ ಹೆಚ್ಚು. ಇದು ಬರೀ ಪ್ರೀತಿಯ ಲೆಕ್ಕವೆಂದು ನಾನು ನಂಬುವುದಿಲ್ಲ. ಮನೆಯವರೆಲ್ಲ ಸುತ್ತ ನಿಂತಿರುವಾಗ ಅವಳು 'ಇಲ್ಲ' ಎನ್ನುವುದಾದರೂ ಹೇಗೆ? ಆಕೆಯೊಬ್ಬಳನ್ನೇ ಕೂರಿಸಿ ವೈದ್ಯರು ಕೇಳಬೇಕು.

ಮಾರಿದವರ ಕಥೆ ಬೇರೆ. ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯ ಸಮೀಕ್ಷೆ 2002ರಲ್ಲಿ ಪ್ರಕಟವಾಯಿತು. ಶೇ. 96 ಮಂದಿ ಸಾಲ ತೀರಿಸಲೆಂದು ಮಾರಿದ್ದರು. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಜನರ ಸಾಲ ಹಾಗೆಯೇ ಉಳಿದಿತ್ತು. ಆದಾಯ ಮೂರನೇ ಒಂದರಷ್ಟು ಕುಸಿದಿತ್ತು. ಶೇ. 86 ಮಂದಿ ಆರೋಗ್ಯ ಕೆಟ್ಟಿತೆಂದರು. 1994ರ ಕಾನೂನು ಈ ವ್ಯಾಪಾರವನ್ನು ಅಪರಾಧವೆಂದು ಸಾರಿದೆ. ಜಿದ್ದಾದಲ್ಲಿ 1988ರಲ್ಲಿ ಸಭೆ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ, ಕೊಡುವವರ ಬದುಕಿಗೆ ಹಾನಿಯಾಗದಿದ್ದರೆ ದಾನ ಸಮ್ಮತ, ಅಂಗದ ಮಾರಾಟ ಸಲ್ಲದು ಎಂದೇ ತೀರ್ಮಾನಿಸಿತು.

ಇನ್ನು ನಮ್ಮ ಸೀಮೆಯ ಮಾತು. ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವುದು, ಸಂಜೆ ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುವುದು ನಮ್ಮಲ್ಲಿ ವಾಡಿಕೆ. ಒಂದೇ ಮೂತ್ರಪಿಂಡವಿರುವವರಿಗೆ ಇದು ಸಲ್ಲದು. ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಸಕ್ಕರೆ ನೋಡಿಸಬೇಕು. ಪಡೆದವನನ್ನು ತಿಂಗಳು ತಿಂಗಳು ಆಸ್ಪತ್ರೆಗೆ ಕರೆದೊಯ್ಯುವ ನಾವು ಕೊಟ್ಟವಳನ್ನು ಹೊಲಿಗೆ ಬಿಚ್ಚಿದ ದಿನವೇ ಮರೆಯುತ್ತೇವೆ.

ಆ ತಾಯಿಯನ್ನು ನಾನು, ಮಗನಿಗೆ ಈ ಕಾಯಿಲೆ ಯಾಕೆ ಬಂತು ಎಂದು ಕೇಳಿದೆ. ಗೊತ್ತಿರಲಿಲ್ಲ. ಅದು ವಂಶದಲ್ಲಿ ಹರಿದು ಬರುವ ಕಾಯಿಲೆಯಾಗಿದ್ದರೆ ಅಕ್ಕನಲ್ಲೂ ಅಡಗಿರಬಹುದು, ಮೊದಲು ಅದನ್ನು ತಿಳಿದುಕೊಳ್ಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ನಲವತ್ತೆಂಟು, ಬಿಪಿ ಇಲ್ಲ, ಸಕ್ಕರೆ ಇಲ್ಲ. ನಾನ ಕೊಡಬಹುದೇನ್ರಿ?" ಎಂದರು. ನಿಮ್ಮ ತಪಾಸಣೆಯೇ ಮೊದಲು ಆಗಲಿ ಎಂದು ಚೀಟಿ ಬರೆದು ಕೊಟ್ಟಿದ್ದೇನೆ.