ಗುಟ್ಟು ಬಿಡದೆ ಮರುಬಾಳಿಲ್ಲ
(ಮಹಿಳಾ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)

ಮರುಮದುವೆಯ ಬಗ್ಗೆ ಮಾತನಾಡಿ ಎಂದು ಕೇಳಿದಾಗ ಹಿಂಜರಿದೆ. ನಾನು ಭಾಷಣ ಮಾಡಿದವಳಲ್ಲ; ತಿಪಟೂರಿನ ಸಣ್ಣ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ಬದುಕಿದವಳು. ಆದರೆ ನನ್ನ ಕಥೆಯನ್ನು ಇಂಥ ಸಭೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ನನ್ನ ಮೊದಲ ಮದುವೆ ಆದದ್ದು 1994ರಲ್ಲಿ. ಆಗ ನನಗೆ 20 ವರ್ಷ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಸಾಲ ಮಾಡಿ ನಗದು, ಚಿನ್ನ ಎರಡನ್ನೂ ಕೊಟ್ಟರು. ಸ್ಕೂಟರ್ ಬಾಕಿ ಉಳಿಯಿತು. ಆ ಬಾಕಿಗಾಗಿ ಎರಡು ವರ್ಷ ಏಟು ತಿಂದೆ. 1996ರಲ್ಲಿ ಒಂದು ರಾತ್ರಿ ಉಟ್ಟ ಸೀರೆಯಲ್ಲೇ ರೈಲು ಹತ್ತಿ ತವರಿಗೆ ಬಂದೆ.

ಅಪ್ಪ ನನ್ನನ್ನು ವಾಪಸು ಕಳಿಸಲಿಲ್ಲ. ಇದನ್ನು ಮೊದಲು ಹೇಳಬೇಕು. ಆದರೆ ಊರಿಗೆ ಹೇಳಿದ್ದು ಬೇರೆ: "ಅಳಿಯಂದಿರು ದುಬೈಗೆ ಹೋಗಿದಾರೆ, ಬರೋವರೆಗೂ ಮಗಳು ಇಲ್ಲೇ ಇರ್ತಾಳೆ." ಆ ಸುಳ್ಳನ್ನು ಸಾಕಲು ಅಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರತಿ ಯುಗಾದಿಗೂ ಬಟ್ಟೆ ಅಂಗಡಿಯಲ್ಲಿ ನಾಲ್ಕು ಜನರೆದುರು ಅಳಿಯನಿಗೆಂದು ಒಂದು ಶರ್ಟು ಕೊಳ್ಳುತ್ತಿದ್ದಳು. ಮನೆಗೆ ತಂದು ಅಟ್ಟದ ಮೇಲಿನ ಟ್ರಂಕಿಗೆ ಹಾಕುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಕರೆದವರು "ಕಾಗದ ಬಂತಾ?" ಎಂದರೆ ನಾನು "ಬಂತು" ಎನ್ನಬೇಕು.

1997ರಲ್ಲಿ ಅಚ್ಚುಕೂಟಕ್ಕೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಹೈಸ್ಕೂಲಿನಲ್ಲಿ ನನಗಿಂತ ಎರಡು ತರಗತಿ ಮುಂದಿದ್ದವರು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಅವರು ಮೊಳೆ ಜೋಡಿಸುವುದು, ನಾನು ಕರಡು ತಿದ್ದುವುದು. ಹೆಚ್ಚಿನವು ಮದುವೆಯ ಕರೆಯೋಲೆಗಳೇ. ಒಮ್ಮೆ ಮುಹೂರ್ತದ ತಾರೀಖಿನ ತಪ್ಪು ನನ್ನ ಕಣ್ಣು ತಪ್ಪಿತು. 200 ಕಾರ್ಡು ದಂಡವಾಯಿತು. ಅವರು ಮುಖ ಗಂಟು ಹಾಕಿಕೊಂಡು ಬಂದಾಗ ನಾನು ತಿಳಿಯದೆಯೇ ಕೈಯಿಂದ ತಲೆ ಮುಚ್ಚಿಕೊಂಡೆ. ಅವರು ಅಲ್ಲೇ ನಿಂತುಬಿಟ್ಟರು. "ಇನ್ನೊಂದ್ಸಲ ಅಚ್ಚು ಹಾಕೋಣ, ಬಿಡಿ" ಎಂದರು. ಸಿಟ್ಟು ಬಂದ ಗಂಡಸು ಕೈ ಎತ್ತದೆಯೂ ಇರಬಹುದೆಂದು ನನಗೆ ತಿಳಿದದ್ದು ಅಂದು.

ಮೂರು ವರ್ಷದ ನಂತರ ಅವರೇ ಕೇಳಿದರು. "ನಿಮ್ಮೋರು ದುಬೈನಲ್ಲಿಲ್ಲ ಅಂತ ನಂಗೆ ಗೊತ್ತು. ಪೋಸ್ಟ್‌ಮ್ಯಾನ್ ಇಲ್ಲಿಗೂ ಬರ್ತಾನಲ್ಲ. ನೀವು ಹೂಂ ಅಂದ್ರೆ ನಾನು ನಿಮ್ಮನೇಗೆ ಬರ್ತೀನಿ." ನನಗೂ ಇಷ್ಟವಿತ್ತು. ಆದರೆ ಊರಿನ ಕಣ್ಣಿಗೆ ನಾನು ಗಂಡನಿರುವವಳು. ಮಾನ ಉಳಿಸಲೆಂದು ಹೇಳಿದ ಸುಳ್ಳು ನನ್ನ ಒಲವನ್ನೇ ಕಳ್ಳತನ ಮಾಡಿಬಿಟ್ಟಿತ್ತು.

ಮನೆಯಲ್ಲಿ ಹೇಳಿದೆ: ವಿಚ್ಛೇದನ ಬೇಕು, ಇಂಥವರನ್ನು ಮದುವೆಯಾಗಬೇಕು. ಅಮ್ಮ ಅತ್ತಳು. ಅಪ್ಪ ಅಟ್ಟ ಹತ್ತಿ ಆ ಟ್ರಂಕು ಇಳಿಸಿದರು. ಶರ್ಟುಗಳ ಅಡಿಯಲ್ಲಿ ಒಂದು ಫೋಟೋ ಇತ್ತು. ನನ್ನ ಸೋದರತ್ತೆಯದು. 1979ರಲ್ಲಿ ಕಾಲು ಜಾರಿ ಬಾವಿಗೆ ಬಿದ್ದಳೆಂದು ನಾವು ಮಕ್ಕಳು ಕೇಳಿಕೊಂಡು ಬೆಳೆದಿದ್ದೆವು.

"ಎರಡು ಸಲ ಬಂದಿದ್ಲು ಕಣಮ್ಮ," ಎಂದರು ಅಪ್ಪ. "ಎರಡು ಸಲವೂ ನಾನೇ ಬಸ್ಸು ಹತ್ತಿಸಿ ಬಿಟ್ಟು ಬಂದೆ. ಇನ್ನೊಂದ್ಸಲ ನೋಡು, ಹೊಂದ್ಕೊಂಡು ಹೋಗು ಅಂದೆ. ಆಮೇಲೆ ಬಾವಿಯ ಸುದ್ದಿ ಬಂತು. ಕಾಲು ಜಾರಿ ಬಿದ್ಲು ಅಂತ ಪೊಲೀಸರಿಗೆ ರುಜು ಹಾಕಿಕೊಟ್ಟವನೂ ನಾನೇ."

ಗೆಳತಿಯರೇ, "ಇನ್ನೊಂದು ಅವಕಾಶ ಕೊಡು" ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಯಾರಿಗೆ ಅವಕಾಶ? ಹೊಡೆದವನಿಗೆ. ಯಾರ ಪ್ರಾಣ ಪಣವಿಟ್ಟು? ನನ್ನತ್ತೆಗೆ ಸಿಗದ ಎರಡನೆಯ ಅವಕಾಶ ಅವಳ ಗಂಡನ ಮನೆಗೆ ಎರಡು ಸಲ ಸಿಕ್ಕಿತ್ತು. ಆಗ 498ಎ ಇರಲಿಲ್ಲ. ಅದು ಬಂದದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಬಂದದ್ದು 1986ರಲ್ಲಿ. ಆದರೆ ತವರಿನವರೇ ಸುಳ್ಳಿಗೆ ರುಜು ಹಾಕಿಕೊಟ್ಟರೆ ಯಾವ ಕಾನೂನು ತಾನೇ ಏನು ಮಾಡೀತು?

ಅಂದಿನಿಂದ ಅಪ್ಪ ನನ್ನ ಜೊತೆ ಕೋರ್ಟಿಗೆ ಬಂದರು. ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು. ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ, ವರದಕ್ಷಿಣೆಯೆಂದು ಬೇರೆಯವರ ಕೈ ಸೇರಿದ್ದು ಹೆಣ್ಣಿಗೇ ಹಿಂದಿರುಗಬೇಕು. ಅದನ್ನು ಹಿಡಿದು ಕೇಳಿದ್ದಕ್ಕೆ ಅರ್ಧ ಚಿನ್ನವಾದರೂ ಬಂತು.

ಆದರೆ ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. ಮಾತುಕತೆಯ ದಿನ ಅವರ ಸೋದರಮಾವ ಕೇಳಿದರು: "ಬಿಟ್ಟು ಬಂದೋಳನ್ನ ತಂದ್ಕೊಳ್ತಿದೀವಿ. ಒಂದು ಸೈಟಾದ್ರೂ ಬರ್ಕೊಡ್ಬೇಡ್ವಾ?" ಅವರು ತಲೆ ತಗ್ಗಿಸಿ ಕೂತಿದ್ದರು. ಮಾತಾಡಲಿಲ್ಲ. ನಾನು ಎದ್ದು ಒಳಗೆ ಹೋದೆ. ಮಾರನೆಯ ದಿನದಿಂದ ಕೆಲಸಕ್ಕೂ ಹೋಗಲಿಲ್ಲ.

ನಾಲ್ಕನೆಯ ದಿನ ಮಾವನನ್ನೂ ಕರೆದುಕೊಂಡು ಬಂದರು. "ಅವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ತಪ್ಪಾಯ್ತು. ಒಂದು ಪೈಸೆ ತಗೊಳ್ಳಲ್ಲ" ಎಂದು ಎಲ್ಲರೆದುರು ಹೇಳಿದರು. ನಾನು ಮತ್ತೆ ಒಂದು ವಾರ ಯೋಚಿಸಿ ಒಪ್ಪಿದೆ. ನಾನೂ ಎರಡನೆಯ ಅವಕಾಶ ಕೊಟ್ಟೆ, ನಿಜ. ಆದರೆ ತಪ್ಪನ್ನು ತಪ್ಪೆಂದು ಬಾಯಿಬಿಟ್ಟು ಹೇಳಿದವರಿಗೆ ಕೊಟ್ಟೆ. ತವರಿನ ಬಾಗಿಲು ನನ್ನ ಬೆನ್ನ ಹಿಂದೆ ತೆರೆದೇ ಇತ್ತು. ಬೇಡವೆನ್ನುವ ಹಕ್ಕು ನನ್ನ ಕೈಯಲ್ಲಿತ್ತು. ನನ್ನತ್ತೆಗೆ ಇವ್ಯಾವುವೂ ಇರಲಿಲ್ಲ.

2002ರ ಆರಂಭದಲ್ಲಿ ಮದುವೆ. 150 ಕರೆಯೋಲೆ. ಅಪ್ಪನೇ ಹೇಳಿದರು: "ಮರುಮದುವೆ ಅಂತಲೇ ಅಚ್ಚು ಹಾಕ್ಸು." ಆ ಕರಡನ್ನು ನಾನೇ ತಿದ್ದಿದೆ. ಟ್ರಂಕಿನ ಐದು ಶರ್ಟುಗಳನ್ನು ಅಮ್ಮ ಅಚ್ಚುಕೂಟದ ಹುಡುಗರಿಗೆ ಹಂಚಿದಳು.

ವಿಧವೆಯರ ಮರುಮದುವೆಗೆ ಕಾಯ್ದೆ ಬಂದದ್ದು 1856ರಲ್ಲಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ವಿಧವೆಗೆ ಮದುವೆ ಮಾಡಿಸಿದ್ದು 1899ರಲ್ಲಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ, 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ಮನೆಯಲ್ಲಿ ಇರುವ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೊಟ್ಟಿದೆ. 2024ರ ಜುಲೈಯಿಂದ 498ಎ ಬದಲು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಿವೆ. 304ಬಿ ಬದಲು 80. ಕಾನೂನಿನ ಬಾಗಿಲು ತೆರೆದಿದೆ. ಮನೆಯೊಳಗಿನ ಗುಟ್ಟೇ ಅದಕ್ಕೆ ಅಡ್ಡ ಕೂತಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮಗಳು ಮರಳಿ ಬಂದರೆ ಒಳಗೆ ಕರೆದುಕೊಳ್ಳಿ. ಯಾಕೆ ಬಂದಳೆಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅತ್ತೆಯ ಫೋಟೋ ಈಗ ನಮ್ಮ ನಡುಮನೆಯಲ್ಲಿದೆ. ಬಂದವರು "ಇವರು ಹೇಗೆ ಹೋದರು?" ಎಂದು ಕೇಳುತ್ತಾರೆ. ಅಪ್ಪ ಇರುವವರೆಗೆ ಅಪ್ಪ ಹೇಳುತ್ತಿದ್ದರು. ಈಗ ನಾನು ಹೇಳುತ್ತೇನೆ.