ಮೊದಲು ಪುಸ್ತಕ ತೆಗೆಯಿರಿ

ಬ್ರಿಟನ್ನಿಗೆ ಓದಲೆಂದೋ ದುಡಿಯಲೆಂದೋ ಹೋದ ನಮ್ಮ ಹುಡುಗ ಹುಡುಗಿಯರು ನಾಲ್ಕು ದಿನ ಒಂದು ಮನೆ, ಇನ್ನು ನಾಲ್ಕು ದಿನ ಇನ್ನೊಂದು ಮನೆ ಎಂದು ಅಲೆದಾಡುವುದುಂಟು. ಹಳೆ ಮನೆಯ ಕರೆಂಟ್ ಬಿಲ್ಲು, ಅರ್ಧಕ್ಕೆ ಬಿಟ್ಟ ಮೊಬೈಲ್ ಕರಾರು, ಮುಚ್ಚಿತು ಅಂದುಕೊಂಡ ಕ್ರೆಡಿಟ್ ಕಾರ್ಡು ಹಿಂದೆಯೇ ಉಳಿದುಬಿಡುತ್ತವೆ. ವರ್ಷಗಳ ಮೇಲೆ, ಹೆಸರೇ ಕೇಳಿರದ ಒಂದು ಕಂಪನಿಯಿಂದ ತಗಾದೆಯ ಕಾಗದ ಬರುತ್ತದೆ. ನಿಮ್ಮ ಬಾಕಿ ಇಷ್ಟು ಪೌಂಡು, ಇಂಥ ತಾರೀಖಿನೊಳಗೆ ಕಟ್ಟಿ, ಇಲ್ಲದಿದ್ದರೆ ಮುಂದಿನ ಕ್ರಮ. ಅಸಲೆಷ್ಟು, ಬಡ್ಡಿಯೆಷ್ಟು, ಯಾವಾಗಿನ ಸಾಲ ಎಂಬುದು ಎಷ್ಟೋ ಸಲ ಅದರಲ್ಲಿ ಇರುವುದಿಲ್ಲ.

ಅಲ್ಲಿನ ಬ್ಯಾಂಕುಗಳೂ ಫೋನ್ ಕಂಪನಿಗಳೂ ಬಾರದ ಬಾಕಿಗಳನ್ನು ಸಾವಿರಗಟ್ಟಲೆ ಒಟ್ಟುಮಾಡಿ, ಮುಖಬೆಲೆಗಿಂತ ಎಷ್ಟೋ ಕಡಿಮೆ ಬೆಲೆಗೆ ಮಾರಿಬಿಡುತ್ತವೆ. ಕೊಂಡವರ ಕೈಗೆ ಮೊದಲು ಬರುವುದು ಒಂದು ಕಂಪ್ಯೂಟರ್ ಪಟ್ಟಿ: ಹೆಸರು, ಹುಟ್ಟಿದ ದಿನ, ಕೊನೆಯ ವಿಳಾಸ, ಮೊತ್ತ. ಮೂಲ ಕರಾರು, ತಿಂಗಳ ಸ್ಟೇಟ್‌ಮೆಂಟುಗಳು ಹಳೆಯ ಬ್ಯಾಂಕಿನಲ್ಲೇ ಇರಬಹುದು, ಕಳೆದೂ ಹೋಗಿರಬಹುದು. ವಿಳಾಸ ಬದಲಾಯಿಸಿದವರನ್ನು ಹುಡುಕಿಕೊಡಲು ಬೇರೆ ಏಜೆನ್ಸಿಗಳಿವೆ. ಹೆಸರೊಂದೇ ಆಗಿದ್ದರೆ ಕಾಗದ ತಪ್ಪಿ ಇನ್ನೊಬ್ಬರ ಬಾಗಿಲಿಗೂ ಬೀಳುತ್ತದೆ.

ನಮ್ಮೂರ ಅಂಗಡಿಯಲ್ಲಿ ಉದ್ರಿ ಬಾಕಿ ಕೇಳಿದರೆ ‘ಪುಸ್ತಕ ತೆಗೀರಿ, ನೋಡೋಣ’ ಅನ್ನುತ್ತೇವಲ್ಲ, ಅದನ್ನೇ ಕಾನೂನಿನ ಬಲದಿಂದ ಹೇಳುವ ಹಕ್ಕು ಬ್ರಿಟನ್ನಿನಲ್ಲಿದೆ. ಅದಕ್ಕೆ ಅಲ್ಲಿ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ಮಾಹಿತಿಯ ಪ್ರತಿ ಕೊಡಿ, ಅದು ಎಲ್ಲಿಂದ ಬಂತು, ಯಾರಿಗೆ ಕೊಟ್ಟಿದ್ದೀರಿ ಹೇಳಿ ಎಂದು ಯಾವ ಸಂಸ್ಥೆಯನ್ನಾದರೂ ಕೇಳಬಹುದು. ಮೊದಲು ಇದಕ್ಕೆ 10 ಪೌಂಡ್ ಶುಲ್ಕ, 40 ದಿನದ ಕಾಯುವಿಕೆ ಇತ್ತು. 2018ರ ಮೇ 25ರಿಂದ ಶುಲ್ಕವಿಲ್ಲ, ಉತ್ತರಕ್ಕೆ ಒಂದು ತಿಂಗಳು. ವಿಷಯ ತೊಡಕಿನದಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ನಮೂನೆ ಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಜಗಳಕ್ಕೆ ಸಾಕ್ಷ್ಯ ಹುಡುಕಲೆಂದೇ ಕೇಳುತ್ತಿದ್ದಾರೆ ಎಂಬ ಒಂದೇ ನೆಪದಲ್ಲಿ ಇದನ್ನು ನಿರಾಕರಿಸುವಂತಿಲ್ಲ ಎಂದು 2017ರಲ್ಲೇ ಲಂಡನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಈ ಹಕ್ಕಿಗೆ ಪೌರತ್ವದ ಗೊಡವೆಯೂ ಇಲ್ಲ. ಕೆಲಸ ಬಿಟ್ಟು ಬೆಂಗಳೂರಿಗೆ ವಾಪಸಾದವರೂ ಇಲ್ಲಿಂದಲೇ ಒಂದು ಇಮೇಲ್ ಹಾಕಿ ಕೇಳಬಹುದು.

ಪತ್ರ ಎರಡು ಕಡೆ ಹೋಗಬೇಕು, ಸಾಲ ಕೊಂಡ ಕಂಪನಿಗೊಂದು, ಮೂಲ ಬ್ಯಾಂಕಿಗೊಂದು. ಖಾತೆಯ ಸ್ಟೇಟ್‌ಮೆಂಟು, ಸಿಬ್ಬಂದಿ ಬರೆದಿಟ್ಟ ಟಿಪ್ಪಣಿ, ಧ್ವನಿಮುದ್ರಿಸಿದ ಫೋನ್ ಕರೆಗಳು, ಕಳಿಸಿದ ನೋಟಿಸುಗಳು, ಸಾಲ ಕೈ ಬದಲಾದ ತಾರೀಖು, ಇಷ್ಟನ್ನೂ ಹೆಸರಿಸಿ ಕೇಳುವುದು ಒಳ್ಳೆಯದು. ಬರುವ ಕಡತದಲ್ಲಿ ಹೆಚ್ಚಿನದು ಬೇಸರದ ಓದು. ‘ಕರೆ ಮಾಡಿದೆ, ಎತ್ತಲಿಲ್ಲ’ ಎಂಬಂಥ ಸಾಲುಗಳೇ ಪುಟಗಟ್ಟಲೆ. ಆದರೂ ತಾಳ್ಮೆಯಿಂದ ಓದಬೇಕು. ಕಂತು ತಪ್ಪಿದೆ ಎಂದು ಎಚ್ಚರಿಸುವ ಡಿಫಾಲ್ಟ್ ನೋಟಿಸ್ ಯಾವ ವಿಳಾಸಕ್ಕೆ ಹೋಗಿದೆ? ಆ ತಾರೀಖಿನಲ್ಲಿ ನೀವು ಆ ಮನೆಯಲ್ಲಿದ್ದಿರಾ? ಕೊನೆಯ ಕಂತು ಕಟ್ಟಿದ್ದು ಯಾವಾಗ? ಮಾರುವಾಗಿದ್ದ ಮೊತ್ತಕ್ಕೂ ಈಗ ಕೇಳುತ್ತಿರುವ ಮೊತ್ತಕ್ಕೂ ಎಷ್ಟು ವ್ಯತ್ಯಾಸ?

ಈ ತಾರೀಖುಗಳಲ್ಲೇ ಗುಟ್ಟಿರುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1980ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲಕ್ಕೆ ದಾವೆ ಹೂಡಲು ಆರು ವರ್ಷ ಗಡುವು. ಸ್ಕಾಟ್ಲೆಂಡಿನಲ್ಲಿ ಐದೇ ವರ್ಷ, ಅದು ಕಳೆದರೆ ಅಲ್ಲಿ ಸಾಲವೇ ಅಳಿದುಹೋಗುತ್ತದೆ. ಕ್ರೆಡಿಟ್ ಕಾರ್ಡಿನಂಥ ಸಾಲಗಳಲ್ಲಿ ಈ ಆರು ವರ್ಷದ ಎಣಿಕೆ ಕಂತು ತಪ್ಪಿದ ದಿನದಿಂದಲ್ಲ, ಡಿಫಾಲ್ಟ್ ನೋಟಿಸಿನ ಗಡುವು ಮುಗಿದಲ್ಲಿಂದ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ವಸೂಲಿಯವರಿಗೆ ಅನುಕೂಲವಾದ ತೀರ್ಪು ಅದು. ಆ ನೋಟಿಸಿನ ದಿನಾಂಕ ತಿಳಿಯುವುದು ಈ ಕಡತದಿಂದ.

ಪತ್ರ ಬರೆಯುವಾಗ ಒಂದು ಎಚ್ಚರ ಬೇಕು. ‘ನನ್ನ ಸಾಲದ ವಿವರ ಕೊಡಿ, ಸ್ವಲ್ಪ ಸಮಯ ಕೊಟ್ಟರೆ ಕಟ್ಟುತ್ತೇನೆ’ ಎಂದು ವಿನಯದಿಂದ ಬರೆದು ಸಹಿ ಹಾಕಿದರೆ ಕೆಟ್ಟಿತು. ಗಡುವು ಮುಗಿಯುವ ಮುಂಚೆ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ, ಇಲ್ಲವೇ ಐದು ಪೌಂಡ್ ಕಟ್ಟಿದರೂ ಆರು ವರ್ಷ ಮತ್ತೆ ಮೊದಲಿಂದ ಶುರು. ಅದಕ್ಕೇ ತಿಳಿದವರು ‘ನೀವು ಹೇಳುವ ಖಾತೆ’ ಎಂದಷ್ಟೇ ಬರೆದು, ‘ಇದು ಸಾಲದ ಒಪ್ಪಿಗೆಯಲ್ಲ’ ಎಂಬ ಸಾಲು ಸೇರಿಸುತ್ತಾರೆ.

ಈ ಒಂದು ಪತ್ರ ಬರೆದರೆ ಸಾಲ ಮಾಯವಾಗುತ್ತದೆ ಎಂದು ಹೇಳಿಕೊಡುವವರೂ ಇದ್ದಾರೆ. ನಂಬಬೇಡಿ. ತೆಗೆದುಕೊಂಡ ಸಾಲ ಕಡತದಲ್ಲಿ ಸರಿಯಾಗಿದ್ದರೆ ಅದು ಸಾಲವೇ. ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿಗೆ ದೂರು ಕೊಡಬಹುದು, ನಿಜ. ಆದರೆ ಅವರು ನೋಡುವುದು ಮಾಹಿತಿ ಕೊಟ್ಟರೋ ಇಲ್ಲವೋ ಎಂಬುದನ್ನು, ಸಾಲ ಇದೆಯೋ ಇಲ್ಲವೋ ಎಂಬುದನ್ನಲ್ಲ. ಕರಾರಿನ ಪ್ರತಿಯೇ ಬೇಕಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯಡಿ ಬೇರೆಯೇ ಅರ್ಜಿ ಹಾಕಬೇಕು. ಶುಲ್ಕ ಒಂದು ಪೌಂಡು, ಗಡುವು 12 ಕೆಲಸದ ದಿನ. ಅದನ್ನು ಒದಗಿಸುವ ತನಕ ಕೋರ್ಟಿನ ಮೂಲಕ ವಸೂಲಿಗೆ ತಡೆ. ಮೊಬೈಲ್ ಸೇವೆಯ ಬಿಲ್ಲು, ಕರೆಂಟ್ ಬಿಲ್ಲುಗಳಿಗೆ ಮಾತ್ರ ಈ ದಾರಿ ಇಲ್ಲ.

ಇನ್ನು ಕೋರ್ಟಿನ ಸಮನ್ಸೇ ಬಂದಿದ್ದರೆ ಮಾಹಿತಿ ಬರಲಿ ಎಂದು ಕಾಯುತ್ತ ಕೂತರೆ ಮುಳುಗಿದಂತೆ. ಇಂಗ್ಲೆಂಡಿನಲ್ಲಿ 14 ದಿನದೊಳಗೆ ಉತ್ತರಿಸಬೇಕು. ದಾವೆ ತಲುಪಿದೆ ಎಂದು ತಿಳಿಸಿದರೆ ಒಟ್ಟು 28 ದಿನ ಸಿಗುತ್ತದೆ. ಮಾಹಿತಿಯ ಅರ್ಜಿಯಿಂದ ಈ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪಾಗಿ ಆರು ವರ್ಷ ದಾಖಲೆಯಲ್ಲಿ ಕೂರುತ್ತದೆ.

ನಮ್ಮ ದೇಶದ ಮಾತೇನು ಎಂದು ನೀವು ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಲ್ಲಿ ಇಂಥ ಹಕ್ಕನ್ನು ಬರೆದಿದ್ದಾರೆ. ಆದರೆ ಅದು ಹೇಳುವುದು ಮಾಹಿತಿಯ ಸಾರಾಂಶ ಕೊಡಿ ಎಂದಷ್ಟೆ. ಮೇಲಾಗಿ, ಹಣಕಾಸು ಸಂಸ್ಥೆಯ ಸಾಲ ಕಟ್ಟದವರ ಆಸ್ತಿ ಮತ್ತು ಸಾಲಗಳ ಪತ್ತೆಗೆ 17ನೇ ಕಲಮು ವಿನಾಯಿತಿ ಕೊಟ್ಟಿದೆ. ನನ್ನ ಮಟ್ಟಿಗೆ ಇದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಸದ್ಯಕ್ಕೆ ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಸಿಬಿಲ್‌ನಂಥ ಸಂಸ್ಥೆಗಳ ಸಾಲ ವರದಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಅದರಲ್ಲಿ ತಪ್ಪಿದೆ ಎಂದು ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ, 2024ರ ಏಪ್ರಿಲ್ 26ರಿಂದ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ವಸೂಲಿಯವರು ಫೋನಿನಲ್ಲಿ ಹೇಳುವ ಮೊತ್ತ, ಬ್ಯಾಂಕಿನ ಹೆಸರು, ಖಾತೆ ತೆರೆದ ತಾರೀಖು ಮೂರನ್ನೂ ಬರೆದುಕೊಂಡು ಆ ವರದಿಯ ಪಕ್ಕದಲ್ಲಿಟ್ಟು ನೋಡಿ. ತಾಳೆಯಾಗದಿದ್ದರೆ ಒಂದು ರೂಪಾಯಿ ಕಟ್ಟುವ ಮೊದಲೇ ಬ್ಯಾಂಕಿಗೆ ಬರಹದಲ್ಲಿ ಕೇಳಿ.